ಫೋಟೋ ಅಪ್ಪನ ಬೆಲ್ಟು

ನಮ್ಮ ಮನೆ, ಅಡುಗೆಮನೆಯ ಮೇಜಿನಿಂದ
ತಾರೀಖು ಹನ್ನೊಂದು, ಭಾನುವಾರ ಮಧ್ಯಾಹ್ನ

ಪ್ರೀತಿಯ ಇವಳೇ,

ಹೇಗಿದ್ದೀಯ? ಸೊಂಟದ ನೋವು ಹೇಗಿದೆ? ಮಗುವನ್ನು ಬಗ್ಗಿ ಎತ್ತಬೇಡ, ಕೂತುಕೊಂಡು ಎತ್ತಿಕೋ ಎಂದು ಡಾಕ್ಟರು ಹೇಳಿದ್ದು ನೆನಪಿದೆ ತಾನೆ? ನಿನಗೆ ನೆನಪಿದ್ದರೂ ಮೊಮ್ಮಗ ಅತ್ತ ಕೂಡಲೇ ಮರೆತುಹೋಗುತ್ತದೆ, ಅದು ನನಗೆ ಗೊತ್ತು. ಬಾಣಂತಿಗೆ ನಿದ್ದೆ ಆಗುತ್ತಿದೆಯೋ ಇಲ್ಲವೋ? ಅವಳು ಹಗಲಿನಲ್ಲಿ ಮಲಗಲಿ, ಪಾತ್ರೆಗಳನ್ನು ಅಳಿಯ ತೊಳೆದರೆ ಅವನ ಕೈಯೇನೂ ಸವೆದುಹೋಗುವುದಿಲ್ಲ. ನಾನಿಲ್ಲಿ ಚೆನ್ನಾಗಿದ್ದೇನೆ. ಅಡುಗೆ ಒಂದು ದಿನ ಸೀಯುತ್ತದೆ, ಒಂದು ದಿನ ಬೇಯುವುದಿಲ್ಲ. ಎರಡನ್ನೂ ಸೇರಿಸಿ ನೋಡಿದರೆ ಹದವಾಗಿದೆ ಎಂದೇ ಹೇಳಬೇಕು. ಕಿಟಕಿಯ ಗಿಡಗಳಿಗೆ ನೀರು ಹಾಕುತ್ತಿದ್ದೇನೆ. ಒಂದು ಬಾಡಿದೆ. ಅದು ನೀನು ಹೊರಡುವುದಕ್ಕೆ ಮೊದಲೇ ಬಾಡಿತ್ತು ಎಂದು ನಾನು ಹೇಳುತ್ತೇನೆ, ನೀನು ಇಲ್ಲ ಎನ್ನುತ್ತೀಯ, ಆ ಜಗಳ ನೀನು ಬಂದ ಮೇಲೆ ಇಟ್ಟುಕೊಳ್ಳೋಣ.

ಗುರುವಾರ ಫೋನಿನಲ್ಲಿ ಮಾತಾಡುತ್ತಿದ್ದವನು ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ತಟ್ಟನೆ ಇಟ್ಟುಬಿಟ್ಟೆನಲ್ಲ, ಒಲೆಯ ಮೇಲೆ ಏನೂ ಇರಲಿಲ್ಲ. ನನ್ನ ಹೊಟ್ಟೆಯಲ್ಲೇ ಒಲೆ ಉರಿಯುತ್ತಿತ್ತು. ಈ ಕಾಗದ ಬರೆಯುತ್ತಿರುವುದು ಅದಕ್ಕೇ. ಫೋನಿನಲ್ಲಿ ಹೇಳೋಣವೆಂದರೆ ಮಗಳು ಸ್ಪೀಕರ್ ಹಾಕಿರುತ್ತಾಳೆ, ಅಳಿಯ ಅಲ್ಲೇ ಪೇಪರ್ ಓದುವವನ ಹಾಗೆ ಕೂತು ಕಿವಿ ನಮ್ಮ ಕಡೆ ಇಟ್ಟಿರುತ್ತಾನೆ. ಹೊಟ್ಟೆಕಿಚ್ಚಿನ ಮಾತನ್ನು ಅಷ್ಟು ಜನರ ಮುಂದೆ ಹೇಗೆ ಆಡಲಿ? ಹೌದು ಮಾರಾಯ್ತಿ, ಹೊಟ್ಟೆಕಿಚ್ಚೇ. ಈ ವಯಸ್ಸಿನಲ್ಲಿ, ಈ ಬೊಜ್ಜು ಇಟ್ಟುಕೊಂಡು. ನಗಬೇಡ. ನಗುವುದಿದ್ದರೂ ಮಗಳಿಗೆ ಕಾಗದ ತೋರಿಸದೆ ನಗು.

ಇದೆಲ್ಲ ಎಲ್ಲಿಂದ ಶುರುವಾಯಿತೆಂದರೆ, ಮಗು ಹುಟ್ಟಿದ ದಿನ ನೀನು ಆಡಿದ ಮಾತಿನಿಂದ. ‘ಹುಬ್ಬು ನೋಡಬೇಕು ಕಣ್ರೀ, ಥೇಟು ಅವರದ್ದೇ!’ ಎಂದೆ. ನಾನೂ ಹೌದಾ ಎಂದೆ. ಹುಟ್ಟಿ ಒಂದು ದಿನವಾಗದ ಕೂಸಿಗೆ ಹುಬ್ಬೆಂದರೆ ಎಷ್ಟಿರುತ್ತದೆ? ಇದ್ದ ಮೂರು ಕೂದಲಿನಲ್ಲಿ ನಿನಗೆ ನಿನ್ನ ಮೊದಲ ಗಂಡ ಕಂಡುಬಿಟ್ಟರು. ಆಮೇಲೆ ಎರಡು ವಾರ ಕಳೆಯುವುದರೊಳಗೆ ಅವರ ಹಳೆಯ ಪಡೆಯವರ ಫೋನು ಬಂತು. ತೀರಿಕೊಂಡ ಸೈನಿಕರ ಸಾಮಾನುಗಳನ್ನೆಲ್ಲ ಒಂದು ಕಡೆ ಸೇರಿಸಿ ಗಾಜಿನ ಪೆಟ್ಟಿಗೆಗಳಲ್ಲಿ ಇಡುವ ಹೊಸ ಭವನ ಕಟ್ಟಿದ್ದಾರಂತೆ, ನಿಮ್ಮಲ್ಲಿ ಏನಾದರೂ ಇದ್ದರೆ ಕೊಡಿ ಎಂದರು. ನಿನಗೆ ತಿಳಿಸಿದೆ. ನೀನು ಎಷ್ಟು ಸಲೀಸಾಗಿ ಹೇಳಿದೆ: ‘ಅಟ್ಟದ ಮೇಲಿನ ಟ್ರಂಕ್ ಇಳಿಸಿ ಕೊಟ್ಟುಬಿಡಿ. ಕಿಲುಬು ಹಿಡಿದಿದ್ರೆ ಒಂಚೂರು ಒರೆಸಿ ಕೊಡಿ, ಅಷ್ಟೇ.’ ಅಷ್ಟೇ ಅಂತೆ! ಊರಿನ ಹೊಲಿಗೆ ಮಿಷನ್ನುಗಳ ತುಕ್ಕು ತೆಗೆದು ಬದುಕಿದವನಿಗೆ ಇದೊಂದು ಕೆಲಸವೇ ಎಂದುಕೊಂಡೆಯೇನೋ. ಕೆಲಸ ದೊಡ್ಡದಲ್ಲ. ಆದರೆ ಹೆಂಡತಿಯ ಮೊದಲ ಗಂಡನ ಬೆಲ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂರುವುದಕ್ಕೆ ಎಂಥ ಎದೆ ಬೇಕು ಹೇಳು.

ಟ್ರಂಕನ್ನು ನಾನೇ ಇಳಿಸಿದೆ. ಏಣಿ ಹಿಡಿಯಲು ಎದುರುಮನೆಯವರನ್ನು ಕರೆದಿದ್ದೆ, ಗಾಬರಿಯಾಗಬೇಡ. ಮುಚ್ಚಳ ತೆಗೆದ ತಕ್ಷಣ ಹಳೆಯ ಚರ್ಮದ ವಾಸನೆ ಮೂಗಿಗೆ ಬಡಿಯಿತು. ಆದರೆ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಚರ್ಮವೂ ಅಲ್ಲ, ಹಿತ್ತಾಳೆಯೂ ಅಲ್ಲ. ಒಂದು ಬೂದುಬಣ್ಣದ ಉಣ್ಣೆಯ ಶಾಲು. ನಮ್ಮ ಮದುವೆಯಾದ ಮೊದಲ ಚಳಿಗಾಲದಲ್ಲಿ ನಾನು ಕೊಡಿಸಿದ ಶಾಲು! ‘ನುಸಿ ತಿಂದುಹೋಯ್ತು ಕಣ್ರೀ, ಎಸೆದೆ’ ಎಂದಿದ್ದೆಯಲ್ಲ, ಅದೇ. ನುಸಿ ಎರಡೇ ಎರಡು ತೂತು ಮಾಡಿದೆ, ಮಿಕ್ಕಂತೆ ಗಟ್ಟಿಮುಟ್ಟಾಗಿದೆ. ಅದರಲ್ಲಿ ಅವರ ಸಾಮಾನನ್ನೆಲ್ಲ ಹಸುಗೂಸಿನ ಹಾಗೆ ಸುತ್ತಿಟ್ಟಿದ್ದೀಯ. ಎಂದರೆ ನನ್ನನ್ನು ಮದುವೆಯಾದ ಮೇಲೂ ನೀನು ಟ್ರಂಕ್ ತೆಗೆದಿದ್ದೀಯ. ನಾನು ಅಂಗಡಿಗೆ ಹೋಗಿದ್ದಾಗ ಏಣಿ ಹತ್ತಿದ್ದೀಯ. ಅವರಿಗೆ ಚಳಿಯಾದೀತೆಂದು ನನ್ನ ಶಾಲು ಹೊದಿಸಿದ್ದೀಯ. ನಾನು ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಎದುರುಮನೆಯವರು ‘ತಲೆ ತಿರುಗ್ತಾ?’ ಎಂದು ಕೇಳಿದರು. ಹೌದು ಎಂದೆ.

ಅವರ ಮೇಲೆ ಸಿಟ್ಟು ಮಾಡಿಕೊಳ್ಳುವುದಾದರೂ ಹೇಗೆ ಹೇಳು? ಬದುಕಿರುವವನ ಜೊತೆ ಪೈಪೋಟಿಗಿಳಿಯಬಹುದು. ತೀರಿಕೊಂಡವರು ಹಾಲು ತರುವುದನ್ನು ಮರೆಯುವುದಿಲ್ಲ, ಗೊರಕೆ ಹೊಡೆಯುವುದಿಲ್ಲ, ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆಯುವುದಿಲ್ಲ. ಗೋಡೆಯ ಮೇಲೆ ಕೂತು ನಗುತ್ತಿರುತ್ತಾರೆ. ಮಗಳು ಚಿಕ್ಕವಳಿದ್ದಾಗ ಅವರನ್ನು ಫೋಟೋ ಅಪ್ಪ ಎಂದೂ ನನ್ನನ್ನು ಬರೀ ಅಪ್ಪ ಎಂದೂ ಕರೆಯುತ್ತಿದ್ದಳಲ್ಲ, ತಪ್ಪು ಮಾಡಿದಾಗ ಬೈಯುವ ಪಾಲು ಅಪ್ಪನದು, ಪರೀಕ್ಷೆಗೆ ಹೋಗುವಾಗ ಕೈ ಮುಗಿಸಿಕೊಳ್ಳುವ ಪಾಲು ಫೋಟೋ ಅಪ್ಪನದು. ಈಗಲೂ ಅವರು ಎಂದೇ ಬರೆಯುತ್ತಿದ್ದೇನೆ ನೋಡು. ಆ ಚಿತ್ರದಲ್ಲಿರುವವರಿಗೆ ನನ್ನ ಅಂಗಡಿಗೆ ಸೂಜಿ ಕೇಳಿಕೊಂಡು ಬರುವ ಹುಡುಗರ ವಯಸ್ಸು. ನನ್ನ ತಲೆ ಬೋಳಾಯಿತು, ಹಲ್ಲು ಎರಡು ಹೋದವು. ಅವರ ಕ್ರಾಪು ಮಾತ್ರ ಇವತ್ತಿಗೂ ಬಾಚಿದ ಹಾಗೇ ಇದೆ.

ಅವರು ಹೋದ ಮೇಲೆ ಪಡೆಯವರು ಕಳಿಸಿದ್ದ ಸಾಮಾನು ಬಹಳವೇನಿರಲಿಲ್ಲ. ಬೆಲ್ಟು, ಚೀಲದಲ್ಲಿಟ್ಟ ನೀರಿನ ಬಾಟಲಿ, ಒಂದು ಸೀಟಿ, ಟೋಪಿಯ ಬಿಲ್ಲೆ, ಉಕ್ಕಿನ ಹೆಲ್ಮೆಟ್ಟು. ಹೆಲ್ಮೆಟ್ಟಿನ ಗಲ್ಲಪಟ್ಟಿಯ ಕೊಂಡಿಗೆ ತುಕ್ಕು ಹಿಡಿದಿತ್ತು, ಅದು ನನಗೆ ಗೊತ್ತಿರುವ ರೋಗ. ಹಿತ್ತಾಳೆಯದ್ದೇ ಬೇರೆ. ಬೆಲ್ಟಿನ ಬಕಲ್ಲು, ಬಾಟಲಿ ಚೀಲದ ಟಿಚ್ ಬಟನ್ನು, ಕೊಕ್ಕೆ, ಎಲ್ಲೆಲ್ಲಿ ಹಿತ್ತಾಳೆ ಚರ್ಮಕ್ಕೆ ತಾಗಿತ್ತೋ ಅಲ್ಲೆಲ್ಲ ಹಸಿರು ಕಿಲುಬು ಮೇಣದ ಹಾಗೆ ಗಟ್ಟಿಯಾಗಿ ಉಬ್ಬಿ ನಿಂತಿತ್ತು. ಮೊದಲು ಬಾಟಲಿಯ ಕೊಕ್ಕೆಗೆ ಕೈ ಹಾಕಿದೆ. ಅಂಗಡಿಯ ಪಾಲಿಶ್ ಹಚ್ಚಿ, ಒರಟು ಬಟ್ಟೆ ತೆಗೆದುಕೊಂಡು ಉಜ್ಜಿದೆ, ಉಜ್ಜಿದೆ, ಹಲ್ಲು ಕಚ್ಚಿ ಉಜ್ಜಿದೆ. ನಿಜ ಹೇಳಲೇ? ಅವರನ್ನೇ ಉಜ್ಜಿ ಹಾಕುತ್ತಿರುವ ಹಾಗೆ ಒಳಗೊಳಗೇ ಸುಖವಾಗುತ್ತಿತ್ತು. ಕೊಕ್ಕೆ ಅಂಗಡಿಯಿಂದ ಇವತ್ತೇ ತಂದದ್ದರಂತೆ ಮಿಂಚತೊಡಗಿತು. ಯಾರದ್ದು ಬೇಕಾದರೂ ಆಗಬಹುದಾದ ಕೊಕ್ಕೆ.

ಆ ಹೊತ್ತಿಗೆ ನಮ್ಮ ಅಂಗಡಿ ಪಕ್ಕದ ಹಳೇ ಸಾಮಾನಿನ ಅಂಗಡಿಯ ಅಜ್ಜ ಮನೆಗೆ ಚಹಾ ಕುಡಿಯಲು ಬಂದವರು ನೋಡಿದರು. ಲೋಟ ಕೆಳಗಿಟ್ಟು ಕೊಕ್ಕೆ ಎತ್ತಿ ಹಿಡಿದು, ‘ಅಯ್ಯೋ ಪುಣ್ಯಾತ್ಮ, ಮುಖ ತೊಳೆಸು ಅಂದ್ರೆ ಚರ್ಮಾನೇ ಸುಲಿದಿದ್ದೀಯಲ್ಲೋ’ ಎಂದರು. ನಾನು, ಚೊಕ್ಕ ಆಯ್ತಲ್ಲ ಅಜ್ಜ ಎಂದೆ. ‘ಹಸಿರು ಒಂದು ಹೋಗ್ಬೇಕು. ಅದು ಚರ್ಮದ ಜಿಡ್ಡು ಕುಡಿದು ಬೆಳೆಯುತ್ತೆ, ಬಿಟ್ರೆ ಲೋಹಾನೂ ತಿನ್ನುತ್ತೆ, ಹೊಲಿಗೇನೂ ತಿನ್ನುತ್ತೆ. ಅದರ ಕೆಳಗಿರೋ ಕಂದು ಬಣ್ಣ ಅವನು ಹಾಕ್ಕೊಂಡು ಓಡಾಡಿದ್ದು. ಅದನ್ನ ತೆಗೆಯೋಕೆ ನೀನ್ಯಾರು?’ ಎಂದರು. ನೀನ್ಯಾರು ಎಂದ ಮಾತು ನೆಟ್ಟಗೆ ಬಂದು ನಾಟಿತು. ಅವರು ಅದನ್ನು ಬಟ್ಟಲು ಚೊಂಬುಗಳಿಗೆ ಹೇಳುವ ಹಾಗೆಯೇ ಹೇಳಿದ್ದರು, ನನಗೆ ಮಾತ್ರ ಬೇರೆ ಕೇಳಿಸಿತು.

ಆಮೇಲೆ ಅವರು ಹೇಳಿಕೊಟ್ಟಂತೆ ಕೂತೆ. ನೀರು ಬೇಡ, ಹುಳಿ ಬೇಡ, ಪಾಲಿಶ್ ಬೇಡವೇ ಬೇಡ. ಹಲ್ಲುಕಡ್ಡಿಯ ತುದಿಯಿಂದ ಕಿಲುಬನ್ನು ಮೆಲ್ಲಗೆ ಎಬ್ಬಿಸುವುದು, ಒಣ ಕುಂಚದಿಂದ ಗುಡಿಸುವುದು, ಹತ್ತಿಗೆ ಒಂದೇ ತೊಟ್ಟು ಮಿಷನ್ ಎಣ್ಣೆ ಮುಟ್ಟಿಸಿ ಒರೆಸುವುದು, ಕೊನೆಗೆ ಮೇಣವನ್ನು ಉಸಿರಿನಷ್ಟು ತೆಳ್ಳಗೆ ಸವರುವುದು. ಎಣ್ಣೆ ಚರ್ಮಕ್ಕೆ ತಾಗದಂತೆ ಬಕಲ್ಲಿನ ಕೆಳಗೆ ಏನಾದರೂ ತೂರಿಸಬೇಕಿತ್ತು. ಬೀರುವಿನಲ್ಲಿ ನನ್ನ ಮಂಡಿಯ ಹಳೆಯ ಎಕ್ಸ್‌ರೇ ಹಾಳೆ ಸಿಕ್ಕಿತು, ಅದನ್ನೇ ಪಟ್ಟಿ ಕತ್ತರಿಸಿ ತೂರಿಸಿದೆ. ಅವರ ಸೊಂಟಪಟ್ಟಿಯ ನಡುವೆ ನನ್ನ ಮುರುಕು ಮಂಡಿ. ಈ ವಿಷಯ ಅಜ್ಜನಿಗೆ ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಕ್ಕರು.

ಕಿಲುಬು ಬಿಡುತ್ತಾ ಬಂದ ಹಾಗೆ, ಪಟ್ಟಿಯ ತೂತಿಗೆ ಸಿಕ್ಕಿಸುವ ಬಕಲ್ಲಿನ ಮುಳ್ಳು ಕಾಣಿಸಿತು. ಅದು ಹಿತ್ತಾಳೆಯ ಮುಳ್ಳಲ್ಲ. ಮೂಲ ಮುಳ್ಳು ಮುರಿದು, ಅದರ ಜಾಗದಲ್ಲಿ ಒಂದು ಕಬ್ಬಿಣದ ಮೊಳೆಯನ್ನು ಬಗ್ಗಿಸಿ ಬಡಿದು ಸಿಕ್ಕಿಸಿದ್ದರು. ಎಂಥ ಸೊಟ್ಟ ಕೆಲಸ ಅಂತೀಯ! ಒಂದು ಕಡೆ ಚಪ್ಪಟೆ, ಒಂದು ಕಡೆ ತಿರುಚು, ಸುತ್ತಿಗೆ ಜಾರಿ ಬಕಲ್ಲಿನ ಅಂಚಿಗೂ ನಾಲ್ಕು ಪೆಟ್ಟು ಬಿದ್ದಿವೆ. ಇವಳೇ, ಆಗ ನನಗಾದ ಸಂತೋಷವನ್ನು ಹೇಗೆ ಹೇಳಲಿ! ಇಷ್ಟು ವರ್ಷಗಳಲ್ಲಿ ಮೊದಲ ಸಲ ನಾನು ಅವರನ್ನು ಗೆದ್ದೆ. ಬೆಟ್ಟ ಹತ್ತಲಿ, ಗುಂಡಿಗೆ ಎದೆಯೊಡ್ಡಲಿ, ಒಂದು ಮೊಳೆ ನೆಟ್ಟಗೆ ಬಡಿಯಲು ಬರುತ್ತಿರಲಿಲ್ಲ! ಅಂಗಡಿಗೆ ಓಡಿ ಹಿತ್ತಾಳೆಯ ಸರಳು ಕಡಿದು, ಅರ ಹಿಡಿದು, ಒಂದು ಚೆಂದದ ಮುಳ್ಳು ಮಾಡಿದೆ. ಸೊಟ್ಟ ಮೊಳೆ ಕಿತ್ತು ಇದನ್ನು ಹಾಕಿದರೆ ಗಾಜಿನ ಪೆಟ್ಟಿಗೆಯೊಳಗೆ ಕೊನೆಯವರೆಗೂ ನನ್ನ ಕೈಕೆಲಸ ಇರುತ್ತದೆ ಎಂದು ಬೀಗಿದೆ. ಆ ಸಂಭ್ರಮದಲ್ಲೇ ಗುರುವಾರ ಫೋನು ಮಾಡಿದ್ದು. ನಿಮ್ಮ ಫೋಟೋ ಅಪ್ಪನಿಗೆ ಮೊಳೆ ಬಡಿಯೋಕೆ ಬರ್ತಿರಲಿಲ್ಲ ಕಣಮ್ಮ ಎಂದು ಮಗಳ ಹತ್ತಿರ ಹೇಳಿದೆ. ಅವಳು ನಿನ್ನನ್ನು ಕೇಳಿದಳು. ಆ ಕಡೆಯಿಂದ ನಿನ್ನ ನಗು ಕೇಳಿಸಿತು. ಮಗಳು ಹೇಳಿದಳು: ‘ಅಪ್ಪಾ, ಅದು ಅಮ್ಮಾನೇ ಬಡಿದಿದ್ದಂತೆ. ಅವರು ಕೊನೇ ಸಲ ಹೊರಟ ಬೆಳಿಗ್ಗೆ, ಗಾಡಿ ಬಂದು ನಿಂತಿತ್ತಂತೆ, ಸುತ್ತಿಗೆ ಸಿಗ್ಲಿಲ್ಲ ಅಂತ ಕುಟ್ಟೋ ಕಲ್ಲಲ್ಲೇ ಬಡಿದ್ಲಂತೆ!’

ಆಗಲೇ ನನಗೆ ಒಲೆಯ ಮೇಲಿನ ಹಾಲು ನೆನಪಾದದ್ದು.

ಮೇಜಿನ ಮುಂದೆ ಬಂದು ಕೂತೆ. ಇಕ್ಕಳ ಕೈಯಲ್ಲಿತ್ತು. ಅವರಿಗೆ ನೀನು ಮೊಳೆ ಬಡಿದುಕೊಟ್ಟಿದ್ದೀಯ. ನನಗೆ ಒಂದು ಗುಂಡುಸೂಜಿಯನ್ನಾದರೂ ಚುಚ್ಚಿಕೊಟ್ಟಿದ್ದೀಯಾ? ಎಂದು ಕೇಳಿಕೊಂಡೆ. ಕೇಳಿಕೊಂಡ ಬೆನ್ನಿಗೇ ಉತ್ತರವೂ ಸಿಕ್ಕಿತು. ನಾನೇ ಕೊಡಗೊಡಲಿಲ್ಲ. ನಲ್ಲಿ ಸೋರಿದರೆ ಬಿಡು ನಾನು ಮಾಡ್ತೀನಿ, ಬಾಗಿಲು ಕಿರುಗುಟ್ಟಿದರೆ ಬಿಡು ನಾನು ಮಾಡ್ತೀನಿ. ನಿನ್ನ ಹೊಲಿಗೆ ಮಿಷನ್ನು ರಿಪೇರಿ ಮಾಡಲು ಬಂದೇ ನಿನ್ನ ಮನೆ ಸೇರಿದವನು ನಾನು, ಇಲ್ಲದ ರಿಪೇರಿ ಹುಡುಕಿಕೊಂಡು ವಾರಕ್ಕೊಮ್ಮೆ ಬರುತ್ತಿದ್ದೆನೆಂದು ನಿನಗೂ ಗೊತ್ತು, ಬಾಗಿಲು ತೆಗೆಯುತ್ತಿದ್ದ ಮಗಳಿಗೂ ಗೊತ್ತು. ರಿಪೇರಿ ಬಿಟ್ಟರೆ ಆ ಮನೆಯಲ್ಲಿ ನಿಲ್ಲಲು ನನಗೆ ಬೇರೆ ನೆಪ ಇರಲಿಲ್ಲ. ಅದಕ್ಕೇ ಸುತ್ತಿಗೆಯನ್ನು ನಿನ್ನ ಕೈಗೆ ಕೊಡಲು ಹೆದರಿಕೆಯೇನೋ. ಆದರೆ ಈ ಬುದ್ಧಿಯೆಲ್ಲ ಆಮೇಲೆ ಬಂದದ್ದು. ಆ ಗಳಿಗೆಯಲ್ಲಿ ನನಗೆ ಕಾಣಿಸುತ್ತಿದ್ದದ್ದು ಮೊಳೆ ಒಂದೇ. ಇಕ್ಕಳದಿಂದ ಅದರ ತಲೆ ಕಚ್ಚಿ ಹಿಡಿದೆ. ಒಂದು ಸಲ ತಿರುವಿದ್ದರೆ ಸಾಕಿತ್ತು, ತುಕ್ಕು ತಿಂದ ಮೊಳೆ, ತಾನೇ ಮುರಿಯಿತು ಎಂದುಬಿಡಬಹುದಿತ್ತು. ನೀನೂ ನಂಬುತ್ತಿದ್ದೆ.

ತಿರುವುವ ಮೊದಲು ಹಿಂದೆ ಹೇಗೆ ಮಡಿಸಿದೆ ನೋಡೋಣವೆಂದು, ರಿಪೇರಿಯವನ ಚಟ, ಬೆಲ್ಟನ್ನು ಮಗುಚಿದೆ. ಮೊಳೆಯ ತುದಿಯನ್ನು ಒಳಕ್ಕೆ ಬಗ್ಗಿಸಿ, ಹೊಟ್ಟೆಗೆ ಚುಚ್ಚದಿರಲೆಂದು ಅದಕ್ಕೆ ದಾರ ಸುತ್ತಿದ್ದೀಯ. ಒತ್ತೊತ್ತಾಗಿ, ಒಂದರ ಪಕ್ಕ ಒಂದು, ಮಿಷನ್ನಿನ ಬಿಳೀ ದಾರ. ಈಗ ಹಸಿರಾಗಿದೆ, ಆದರೂ ಒಂದು ಸುತ್ತೂ ಬಿಚ್ಚಿಲ್ಲ. ಹೊರಗೆ ಗಾಡಿ ಕಾಯುತ್ತಿದೆ, ತೊಟ್ಟಿಲಲ್ಲಿ ಮಗಳು ಅಳುತ್ತಿರಬಹುದು, ಅಂಥದ್ದರಲ್ಲಿ ಕೂತು ಅಷ್ಟು ದಾರ ಸುತ್ತಿದ್ದಾಳೆ ಒಬ್ಬಳು ಹುಡುಗಿ. ಕಲ್ಲಿನಲ್ಲಿ ಮೊಳೆ ಬಡಿದು ಬೆರಳು ಜಜ್ಜಿಕೊಂಡಿರಬೇಕು. ಆ ಹುಡುಗಿಯನ್ನು ನಾನು ನೋಡೇ ಇಲ್ಲ ಕಣೇ. ನನಗೆ ಸಿಕ್ಕವಳು ಮಾತು ಕಡಿಮೆ ಮಾಡಿಕೊಂಡು, ಹೊಲಿದು ಮಗಳನ್ನು ಸಾಕುತ್ತಿದ್ದ ಹೆಂಗಸು. ನನ್ನ ನಿಜವಾದ ಹೊಟ್ಟೆಕಿಚ್ಚು ಇಲ್ಲಿಯೇ ಇದೆ ಎಂದು ಆಗ ಗೊತ್ತಾಯಿತು. ಅವರು ನಿನ್ನ ಗಂಡನಾಗಿದ್ದರು ಎಂದಲ್ಲ. ಆ ಹುಡುಗಿ ನಗುವುದನ್ನು, ಗಡಿಬಿಡಿ ಮಾಡುವುದನ್ನು, ಸೊಟ್ಟ ಕೆಲಸ ಮಾಡಿ ಸೈ ಅನ್ನಿಸಿಕೊಳ್ಳುವುದನ್ನು ಅವರು ನೋಡಿದ್ದಾರೆ, ನಾನು ನೋಡಿಲ್ಲ. ಅವಳ ಗುರುತೆಂದು ನನ್ನ ಪಾಲಿಗೆ ಉಳಿದಿರುವುದು ಈ ಮೊಳೆ ಒಂದೇ. ಅದನ್ನೂ ಕಿತ್ತು ಹಾಕಿದರೆ ಕಳೆದುಕೊಳ್ಳುವವನು ನಾನೇ ತಾನೆ?

ಇಕ್ಕಳ ಕೆಳಗಿಟ್ಟೆ. ದಾರವನ್ನು ಮುಟ್ಟಲಿಲ್ಲ. ಮೊಳೆಯ ತುಕ್ಕನ್ನು ಎಣ್ಣೆಯಲ್ಲಿ ನೆನೆಸಿ ನೆನೆಸಿ ಎಷ್ಟು ಬರುತ್ತದೋ ಅಷ್ಟೇ ತೆಗೆದೆ. ಹಿತ್ತಾಳೆಯ ಕಂದು ಬಣ್ಣ ಇದ್ದ ಹಾಗೇ ಇದೆ. ನಾನು ಸುಲಿದ ಕೊಕ್ಕೆ ಒಂದು ಮಾತ್ರ ಎಲ್ಲರ ನಡುವೆ ಹಲ್ಲು ಕಿರಿಯುತ್ತಿದೆ, ಅದಕ್ಕೆ ಅಜ್ಜನ ಹತ್ತಿರವೂ ಮದ್ದಿಲ್ಲ. ಮಾಡಿದ ಹೊಸ ಮುಳ್ಳು ಅಂಗಡಿಯ ಡಬ್ಬಿಯಲ್ಲಿದೆ, ಯಾರ ಬೆಲ್ಟಿಗಾದರೂ ಆದೀತು. ಹಾಗೆಯೇ, ಅಡುಗೆಮನೆಯ ಮಣೆಯ ಕಾಲು ಅಲ್ಲಾಡುತ್ತಿದೆ. ನಾನು ಮುಟ್ಟಿಲ್ಲ, ಮುಟ್ಟುವುದೂ ಇಲ್ಲ. ಸುತ್ತಿಗೆ, ಮೊಳೆ ಎರಡನ್ನೂ ಕಿಟಕಿಯಲ್ಲಿಟ್ಟಿದ್ದೇನೆ. ನೀನು ಬಂದು ಬಡಿ. ಸೊಟ್ಟ ಬಡಿದರೆ ಸೊಟ್ಟಗೇ ಕೂರುತ್ತೇನೆ.

ನಿನ್ನೆ ಬೆಳಿಗ್ಗೆ ಪಡೆಯಿಂದ ಒಬ್ಬ ತರುಣ ಅಧಿಕಾರಿ ಬಂದ. ಒಳ್ಳೆಯ ಹುಡುಗ, ಚಪ್ಪಲಿಗಳ ಪಕ್ಕ ತನ್ನ ಬೂಟನ್ನು ನೇರವಾಗಿ ಜೋಡಿಸಿಟ್ಟು ಒಳಗೆ ಬಂದ. ಬಿಳಿ ಕೈಗವಸು ಹಾಕಿಕೊಂಡು ಒಂದೊಂದನ್ನೇ ಎತ್ತಿ ನೋಡಿದ. ಯಾರು ಸ್ವಚ್ಛ ಮಾಡಿದ್ದು, ಇಷ್ಟು ನಾಜೂಕಾಗಿ ನಮ್ಮವರೂ ಮಾಡಲ್ಲ ಎಂದ. ನಾನು ಗಡ್ಡ ಕೆರೆದುಕೊಂಡೆ. ಆಮೇಲೆ ಪೆನ್ನು ತೆಗೆದು, ‘ತಾವು ಅವರಿಗೆ ಏನಾಗ್ಬೇಕು ಸಾರ್?’ ಎಂದು ಕೇಳಿಬಿಟ್ಟ. ಏನಾಗಬೇಕೆಂದು ಹೇಳಲಿ? ಎರಡು ಹೆಂಡಿರಿದ್ದರೆ ಒಬ್ಬಳಿಗೊಬ್ಬಳು ಸವತಿ. ಸವತಿ ಮತ್ಸರ ಎಂದು ಗಾದೆಯ ಹಾಗೆ ಆಡುತ್ತಾರೆ. ಗಂಡಸಿಗೆ ಹಾಗೊಂದು ಮಾತೇ ಇಲ್ಲವಲ್ಲ! ಮತ್ಸರ ಕೊಟ್ಟ ದೇವರು ಹೆಸರು ಕೊಡಲಿಲ್ಲ. ಹುಡುಗ ಪೆನ್ನು ಹಿಡಿದು ಕಾಯುತ್ತಿದ್ದ. ‘ಮನೆಯವನು,’ ಎಂದೆ, ‘ಅವರ ಮನೆಯವನೇ.’ ಅವನು ತಲೆಯಾಡಿಸಿ ಬರೆದುಕೊಂಡ. ಬೆಲ್ಟನ್ನು ಎತ್ತಿದವನು, ಮೊಳೆಯನ್ನು ತೋರಿಸಿ ಇದನ್ನು ಬದಲಾಯಿಸಬಹುದಾ ಎಂದ. ‘ಅದು ಅವರ ಹೆಂಡ್ತಿ ಬಡಿದು ಕಳಿಸಿದ್ದು. ಯಾರೂ ಮುಟ್ಟಬಾರದು’ ಎಂದೆ. ನಿನ್ನನ್ನು ನನ್ನ ಬಾಯಾರೆ ಇನ್ನೊಬ್ಬರ ಹೆಂಡತಿ ಎಂದದ್ದು ಅದೇ ಮೊದಲು. ನಾಲಗೆ ಸುಟ್ಟ ಹಾಗಾಯಿತು, ಆದರೆ ಸುಳ್ಳೇನಲ್ಲವಲ್ಲ.

ಟ್ರಂಕ್ ಅವನೇ ಹೊತ್ತುಕೊಂಡು ಹೋದ. ಶಾಲನ್ನು ಮಾತ್ರ ಕೊಡಲಿಲ್ಲ. ಅದು ನಾನು ಕೊಡಿಸಿದ್ದು. ಸಾಮಾನನ್ನೆಲ್ಲ ಹಳೆಯ ದುಪ್ಪಟಿಯಲ್ಲಿ ಸುತ್ತಿ ಕಳಿಸಿದೆ. ಇಷ್ಟಕ್ಕಾದರೂ ನನಗೆ ಹಕ್ಕಿಲ್ಲವೇ?

ಮಗಳಿಗೂ ಕೂಸಿಗೂ ನನ್ನ ಆಶೀರ್ವಾದ. ಅಳಿಯಂದಿರಿಗೆ ನೆನಪು ಹೇಳು, ಪಾತ್ರೆಯ ವಿಷಯ ನಾನು ಬರೆದೆ ಎಂದು ಹೇಳಬೇಡ. ನೀನು ಹೊತ್ತಿಗೆ ಸರಿಯಾಗಿ ಮಾತ್ರೆ ತೆಗೆದುಕೋ, ಮೈಮೇಲೆ ಬೆಚ್ಚಗೆ ಹೊದ್ದುಕೋ. ಇಲ್ಲಿನ ಚಿಂತೆ ಬೇಡ.

ಇಂತು ನಿನ್ನ,
ಮಿಷನ್ ರಿಪೇರಿಯವನು

ತಾ.ಕ.: ಒಂದು ಮಾತು ಬರೆಯುವುದು ಮರೆತೆ. ಮರೆತಿಲ್ಲ, ಧೈರ್ಯ ಸಾಲದೆ ಕಾಗದ ಮುಗಿಸಿಬಿಟ್ಟಿದ್ದೆ. ಮುಂದಿನ ತಿಂಗಳು ಭವನದ ಬಾಗಿಲು ತೆರೆಯುವ ದಿನ ತೀರಿಕೊಂಡವರ ಹೆಂಡತಿಯರನ್ನು ಮುಂದಿನ ಸಾಲಿನಲ್ಲಿ ಕೂರಿಸುತ್ತಾರಂತೆ. ಒಬ್ಬೊಬ್ಬರಿಗೆ ಎರಡು ಕುರ್ಚಿ. ಎರಡನೆಯದರ ಮೇಲೆ ಯಾರ ಹೆಸರು ಬರೆಯಲಿ ಎಂದು ಆ ಹುಡುಗ ಕೇಳಿದ. ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದಿದ್ದೇನೆ. ನ್ಯಾಯವಾಗಿ ಅದು ಮಗಳದು, ಆದರೆ ಅಷ್ಟು ಚಿಕ್ಕ ಕೂಸು ಬಿಟ್ಟು ಅವಳು ಬರುವ ಹಾಗಿಲ್ಲ. ಎಲ್ಲರೂ ನೋಡುವಾಗ ನಾನು ನಿನ್ನ ಪಕ್ಕ ಕೂತರೆ ನಿನಗೆ ಕಸಿವಿಸಿಯಾಗುತ್ತದೋ, ಅವರಿಗೆ ಅವಮಾನ ಮಾಡಿದ ಹಾಗಾಗುತ್ತದೋ, ನನಗೆ ತಿಳಿಯುತ್ತಿಲ್ಲ. ನೀನೇ ಯೋಚಿಸಿ ಹೇಳು. ಬೇಡವೆಂದರೆ ಬೇಡ ಎಂದೇ ಹೇಳು, ಬೇಜಾರಿಲ್ಲ, ಹಿಂದೆ ಗೋಡೆಗೆ ಒರಗಿ ನಿಂತಿರುತ್ತೇನೆ. ಬರುವುದಂತೂ ಬರುತ್ತೇನೆ.